ತುಕಡಿ ಕಟ್ಟಿದ್ದಾಯಿತು, ಇನ್ನು ನಡೆಸುವುದು ಹೇಗೆ?

‘ಏಜ್ ಆಫ್ ಎಂಪೈರ್ಸ್–2’ ಆಟಕ್ಕೆ ಹೊಸದಾಗಿ ಕೈ ಹಾಕಿದವರ ಯುದ್ಧಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಮುಗಿಯುತ್ತವೆ. ಅರ್ಧ ಗಂಟೆ ಕೂತು ಬೇಸಾಯ ಮಾಡಿಸಿ, ಮರ ಕಡಿಸಿ, ಚಿನ್ನ ಅಗೆಸಿ ನಲವತ್ತು ಮಂದಿ ಸೈನಿಕರನ್ನು ಸೇರಿಸುತ್ತಾರೆ. ಆಮೇಲೆ ಮೌಸ್ ಎಳೆದು ಅಷ್ಟೂ ಜನರನ್ನು ಒಟ್ಟಿಗೆ ಹಿಡಿದು ಶತ್ರುವಿನ ಊರಿನ ಮೇಲೆ ಒಂದು ಕ್ಲಿಕ್. ವೈರಿ ಕಣ್ಣಿಗೆ ಬಿದ್ದದ್ದೇ ತಡ, ಕುದುರೆಗಳು ಮುಂದೆ ನುಗ್ಗುತ್ತವೆ, ಈಟಿಯವರು ನಡುದಾರಿಯಲ್ಲಿ, ಬಿಲ್ಲುಗಾರರು ಎಲ್ಲೋ ಹಿಂದೆ. ಒಬ್ಬೊಬ್ಬರಾಗಿ ಹೋಗಿ ಒಬ್ಬೊಬ್ಬರಾಗಿ ಸಾಯುತ್ತಾರೆ. ಸೋತಿದ್ದು ಜನ ಸಾಲದೆ ಅಲ್ಲ, ನಡೆಸುವವರಿಲ್ಲದೆ.

ಅಮೆರಿಕದ ಎನ್‌ಸೆಂಬಲ್ ಸ್ಟುಡಿಯೋಸ್ 1999ರಲ್ಲಿ ತಂದ ಈ ಆಟ, 2019ರ ‘ಡೆಫಿನಿಟಿವ್ ಎಡಿಷನ್’ ಬಂದ ಮೇಲೆ ಮತ್ತೆ ಚಿಗುರಿದೆ. ಊರು ಕಟ್ಟುವುದು ಹೇಗೆಂಬ ಪಾಠ ಇಲ್ಲಿಲ್ಲ. ಕ್ಯಾಸಲ್ ಯುಗದಲ್ಲಿ ಒಂದೇ ಒಂದು ತುಕಡಿಯನ್ನು ಕೈಯಲ್ಲಿಟ್ಟುಕೊಂಡು ಆಡುವ ಬಗೆಯನ್ನಷ್ಟೇ ನೋಡೋಣ: 20 ಕ್ರಾಸ್‌ಬೋ ಬಿಲ್ಲುಗಾರರು, ಜೊತೆಗೆ 10 ಈಟಿಗಾರರು. ಕೆಳಗಿನ ಅಂಕಿಗಳು ಅಪ್‌ಡೇಟ್‌ಗಳಲ್ಲಿ ಆಗಾಗ ತುಸು ಏರಿಳಿಯುತ್ತವೆ, ಲೆಕ್ಕ ಹಾಕುವ ಕ್ರಮ ಮಾತ್ರ ಅದೇ.

1. ಯಾರನ್ನು ಸೇರಿಸಬೇಕು?

ಒಬ್ಬ ಕ್ರಾಸ್‌ಬೋ ಬಿಲ್ಲುಗಾರನಿಗೆ 25 ಮರ, 45 ಚಿನ್ನ. ಇಪ್ಪತ್ತು ಜನರಿಗೆ 900 ಚಿನ್ನ ಹೋಯಿತು. ಈಟಿಗಾರನಿಗೆ 35 ಆಹಾರ, 25 ಮರ ಸಾಕು, ಚಿನ್ನ ಬೇಡವೇ ಬೇಡ. ಆದರೆ ಕುದುರೆ ಎದುರು ಬಂದರೆ ಅವನ ಏಟಿಗೆ 15 ಹೆಚ್ಚುವರಿ ಸೇರುತ್ತದೆ. ಅವನನ್ನು ಪೈಕ್‌ಮನ್ ದರ್ಜೆಗೆ ಏರಿಸಿದರೆ 100 ಜೀವಬಲದ ನೈಟ್ ಐದು ತಿವಿತಕ್ಕೆ ಉರುಳುತ್ತಾನೆ. ಎದುರಾಳಿ ಬಿಲ್ಲುಗಾರರನ್ನೇ ತಂದರೆ ಈಟಿಯವರು ದಂಡ, ಅಲ್ಲಿ ಸ್ಕರ್ಮಿಷರ್‌ಗಳೇ ಬೇಕು. ಹಾಗಾಗಿ ಬ್ಯಾರಕ್ಸ್‌ನಲ್ಲಿ ಸಾಲು ಹಚ್ಚುವ ಮೊದಲು ಒಂದು ಕುದುರೆಯನ್ನು ಕಳಿಸಿ, ಆಚೆ ಊರಿನಲ್ಲಿ ಲಾಯ ಎದ್ದಿದೆಯೋ ಆರ್ಚರಿ ರೇಂಜ್ ಎದ್ದಿದೆಯೋ ನೋಡಿಕೊಂಡು ಬನ್ನಿ.

ನಿಮ್ಮ ನಾಗರಿಕತೆ ಯಾವುದೆಂಬುದೂ ಮುಖ್ಯ. 2022ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಕಂತಿನಲ್ಲಿ ದ್ರಾವಿಡರು ಬಂದರು. ನಮ್ಮ ಕಡೆಯ ಹುಡುಗರು ಮೊದಲು ಒತ್ತುವುದೂ ಅದನ್ನೇ. ಆಮೇಲೆ ಲಾಯದಲ್ಲಿ ನೈಟ್ ಎಲ್ಲಿ ಎಂದು ಹುಡುಕುತ್ತಾರೆ. ದ್ರಾವಿಡರಿಗೆ ನೈಟ್ ಇಲ್ಲ. ಬದಲಿಗೆ ಅವರ ಸ್ಕರ್ಮಿಷರ್‌ಗಳೂ ಆನೆಯ ಮೇಲಿನ ಬಿಲ್ಲುಗಾರರೂ ಶೇ 25ರಷ್ಟು ಚುರುಕಾಗಿ ಹೊಡೆಯುತ್ತಾರೆ, ಬ್ಯಾರಕ್ಸ್‌ನ ಸುಧಾರಣೆಗಳು ಅರ್ಧ ಬೆಲೆಗೆ ಸಿಗುತ್ತವೆ. ಆ ಬಲವನ್ನು ಬಿಟ್ಟು ಕುದುರೆಗೆ ಹಂಬಲಿಸಿ ಪ್ರಯೋಜನವಿಲ್ಲ.

2. ಗುಂಪಿಗೆ ನಂಬರು ಕೊಡಿ

ಬಿಲ್ಲುಗಾರರನ್ನು ಆರಿಸಿ ಕಂಟ್ರೋಲ್ ಕೀ ಜೊತೆ 1, ಈಟಿಗಾರರಿಗೆ 2. ಆ ಅಂಕಿ ಒತ್ತಿದರೆ ಗುಂಪು ಕೈಗೆ ಬರುತ್ತದೆ, ಎರಡು ಸಲ ಒತ್ತಿದರೆ ಪರದೆಯೂ ಅಲ್ಲಿಗೆ ಹೋಗುತ್ತದೆ. ಬ್ಯಾರಕ್ಸ್, ಆರ್ಚರಿ ರೇಂಜ್‌ಗಳಿಗೂ ಒಂದೊಂದು ನಂಬರು ಇರಲಿ. ಯಾಕೆಂದು ಮುಂದೆ ಹೇಳುತ್ತೇನೆ.

3. ನಿಲುವು ಬದಲಿಸಿ

ಆಟದಲ್ಲಿ ಸೈನಿಕರಿಗೆ ನಾಲ್ಕು ನಿಲುವುಗಳಿವೆ. ಹುಟ್ಟುವಾಗಲೇ ಅವರು ‘ಅಗ್ರೆಸಿವ್’: ಕಂಡ ವೈರಿಯನ್ನು ಬೆನ್ನಟ್ಟಿಕೊಂಡೇ ಹೋಗುತ್ತಾರೆ, ಶತ್ರುವಿನ ಕೋಟೆಯ ಬುಡದವರೆಗೂ. ‘ಡಿಫೆನ್ಸಿವ್’ ಆದರೆ ಸ್ವಲ್ಪ ದೂರ ಅಟ್ಟಿ ಹಿಂದಿರುಗುತ್ತಾರೆ. ‘ಸ್ಟ್ಯಾಂಡ್ ಗ್ರೌಂಡ್’ ಎಂದರೆ ಕಾಲು ಕೀಳದೆ ಅಳತೆಗೆ ಸಿಕ್ಕವರನ್ನಷ್ಟೇ ಹೊಡೆಯುವುದು, ‘ನೋ ಅಟ್ಯಾಕ್’ ಎಂದರೆ ಸುಮ್ಮನಿರುವುದು. ಬಿಲ್ಲುಗಾರರನ್ನು ಸ್ಟ್ಯಾಂಡ್ ಗ್ರೌಂಡ್‌ನಲ್ಲೂ ಈಟಿಯವರನ್ನು ಡಿಫೆನ್ಸಿವ್‌ನಲ್ಲೂ ಇಟ್ಟು, ಈಟಿಯವರನ್ನು ಎರಡು ಹೆಜ್ಜೆ ಮುಂದೆ ನಿಲ್ಲಿಸಿ. ಇಷ್ಟು ಮಾಡಿದರೇ ಅರ್ಧ ಸೋಲು ತಪ್ಪುತ್ತದೆ.

ನಿಲ್ಲುವ ಜಾಗ ದಿಬ್ಬವಾದರೆ ಇನ್ನೂ ಒಳ್ಳೆಯದು. ಎತ್ತರದಿಂದ ಹೊಡೆದ ಏಟಿಗೆ ಶೇ 25 ಹೆಚ್ಚು ಬಲ, ತಗ್ಗಿನಿಂದ ಹೊಡೆದದ್ದಕ್ಕೆ ಅಷ್ಟೇ ಕಡಿಮೆ.

4. ಬಾಣಗಳನ್ನು ಒಬ್ಬನ ಮೇಲೆ ಸುರಿಸಿ

ಇಲ್ಲಿ ನಿಜವಾದ ಕೈಚಳಕ ಬೇಕು. ಐದು ನೈಟ್‌ಗಳು ಬರುತ್ತಿದ್ದಾರೆ ಎನ್ನೋಣ. ಕ್ರಾಸ್‌ಬೋ ಬಾಣದ ಬಲ 5. ಕಮ್ಮಾರಸಾಲೆಯಲ್ಲಿ ಫ್ಲೆಚಿಂಗ್ (100 ಆಹಾರ, 50 ಚಿನ್ನ), ಆಮೇಲೆ ಬಾಡ್ಕಿನ್ ಆ್ಯರೋ (200 ಆಹಾರ, 100 ಚಿನ್ನ) ಮಾಡಿಸಿದ್ದರೆ 7. ನೈಟ್‌ನ ಕವಚ ಬಾಣದ ಏಟಿನಲ್ಲಿ 2 ಕಳೆಯುತ್ತದೆ, ಉಳಿದದ್ದು 5. ಇಪ್ಪತ್ತು ಬಾಣಕ್ಕೆ ಸರಿಯಾಗಿ 100, ಅಂದರೆ ಒಬ್ಬ ನೈಟ್‌ನ ಪೂರ್ತಿ ಜೀವ.

ತುಕಡಿಯನ್ನು ಅದರ ಪಾಡಿಗೆ ಬಿಟ್ಟರೆ ಈ ಬಾಣಗಳು ಐವರಿಗೂ ಹಂಚಿಹೋಗುತ್ತವೆ. ತಲಾ 20 ಜೀವ ಕಳೆದುಕೊಂಡ ಐದೂ ಮಂದಿ ಮೈಮೇಲೆ ಬರುತ್ತಾರೆ, ಐದೂ ಕತ್ತಿಗಳು ಬೀಸುತ್ತವೆ. ಅದರ ಬದಲು ಗುಂಪು 1 ಒತ್ತಿ, ಮುಂದಿರುವ ನೈಟ್‌ನ ಮೇಲೆ ಬಲ ಕ್ಲಿಕ್ ಮಾಡಿ. ಮೊದಲ ಸುರಿಮಳೆಗೇ ಒಂದು ಕತ್ತಿ ಕಡಿಮೆ. ಅವನು ಬಿದ್ದ ಕೂಡಲೇ ಎರಡನೆಯವನು. ಅಷ್ಟರಲ್ಲಿ ಉಳಿದವರು ಈಟಿಗಳಿಗೆ ಸಿಕ್ಕಿಹಾಕಿಕೊಂಡಿರುತ್ತಾರೆ. ಕ್ರಾಸ್‌ಬೋ ಗುರಿ ನೂರಕ್ಕೆ 85 ಮಾತ್ರ ಖಚಿತ, ಹಾಗಾಗಿ ಇನ್ನೂ ನಾಲ್ಕು ಜನ ಹೆಚ್ಚಿಗಿದ್ದರೆ ಲೆಕ್ಕ ನಿಲ್ಲುತ್ತದೆ. ನೈಟ್‌ಗೆ ಕವಚದ ಸುಧಾರಣೆ ಆಗಿದ್ದರೆ ಒಂದು ಬಾಣಕ್ಕೆ 4ರಂತೆ 25 ಬಾಣ ಬೇಕು. ಎದುರಿಗಿರುವುದು ಸಾಧಾರಣ ಕಾಲಾಳುಗಳಾದರೆ ಒಬ್ಬನ ಮೇಲೆ ಇಪ್ಪತ್ತು ಬಾಣ ದುಂದು. ಗುಂಪನ್ನು ಎರಡಾಗಿ ಒಡೆದು ಇಬ್ಬರಿಗೆ ಗುರಿ ಕೊಡಿ.

ಹೊಡೆದು ಹಿಂದೆ ಸರಿಯುವ ಪಟ್ಟು ಕತ್ತಿಯ ಕಾಲಾಳುಗಳ ಎದುರು ಚೆನ್ನಾಗಿ ನಡೆಯುತ್ತದೆ. ಒಂದು ಬಾಣದಿಂದ ಇನ್ನೊಂದಕ್ಕೆ ಎರಡು ಸೆಕೆಂಡ್ ಬಿಡುವು. ಬಾಣ ಹಾರಿದ ತಕ್ಷಣ ಹಿಂದೆ ಕ್ಲಿಕ್, ಮತ್ತೆ ಗುರಿಯ ಮೇಲೆ ಕ್ಲಿಕ್. ಆ ಸೆಕೆಂಡುಗಳು ಆಟದೊಳಗಿನವು. ಸಾಮಾನ್ಯ ವೇಗದಲ್ಲಿ ಆಟದ ಗಡಿಯಾರ 1.7 ಪಟ್ಟು ಜೋರಾಗಿ ಓಡುವುದರಿಂದ ನಿಮ್ಮ ಕೈಗೆ ಸಿಗುವುದು ಒಂದು ಸೆಕೆಂಡಿಗಿಂತ ತುಸು ಜಾಸ್ತಿ. ಬಯಲಿನಲ್ಲಿ ನೈಟ್‌ಗಳಿಂದ ಹೀಗೆ ತಪ್ಪಿಸಿಕೊಳ್ಳಲು ಹೋಗಬೇಡಿ, ಕುದುರೆಯ ಮುಂದೆ ಕಾಲು ಗೆಲ್ಲುವುದಿಲ್ಲ.

5. ಮ್ಯಾಂಗನಲ್ ಕಂಡರೆ ಚದುರಿ

ಗುಂಪಾಗಿ ನಿಂತ ಬಿಲ್ಲುಗಾರರಿಗೆ ಯಮ ಎಂದರೆ ಕಲ್ಲೆಸೆಯುವ ಮ್ಯಾಂಗನಲ್ ಗಾಡಿ. ಒಂದೇ ಏಟಿಗೆ ಹತ್ತಾರು ಜನ ಮಲಗುತ್ತಾರೆ. ಆದರೆ ಎಸೆದ ಕಲ್ಲು ಗುರಿಯಿಟ್ಟ ನೆಲಕ್ಕೇ ಬೀಳುತ್ತದೆ, ನಿಮ್ಮವರನ್ನು ಹಿಂಬಾಲಿಸುವುದಿಲ್ಲ. ಕಲ್ಲು ಗಾಳಿಯಲ್ಲಿರುವಾಗಲೇ ಅರ್ಧ ಜನರನ್ನು ಎಡಕ್ಕೆ, ಅರ್ಧ ಜನರನ್ನು ಬಲಕ್ಕೆ ಎಳೆಯಿರಿ. ಮುಂದಿನ ಕಲ್ಲಿಗೆ ಆಟದ ಆರು ಸೆಕೆಂಡ್ ಬೇಕು. ಆ ಸಂದಿನಲ್ಲಿ ಗಾಡಿಯ ಪಕ್ಕಕ್ಕೇ ನುಗ್ಗಿದರೆ ಅದು ಹೊಡೆಯಲಾರದು, ತೀರಾ ಹತ್ತಿರದವರ ಮೇಲೆ ಕಲ್ಲು ಬೀಳದು. ಕುದುರೆಗಳಿದ್ದರೆ ಎರಡನ್ನು ಇದಕ್ಕೆಂದೇ ಪಕ್ಕದಲ್ಲಿಟ್ಟುಕೊಳ್ಳುವುದು ಜಾಣತನ. ಮ್ಯಾಂಗನಲ್ ನಿಮ್ಮದೇ ಆಗಿದ್ದರೂ ಎಚ್ಚರ: ಅದರ ಕಲ್ಲಿಗೆ ನಮ್ಮವರು ಪರರು ಎಂಬ ಭೇದವಿಲ್ಲ.

6. ಊರಿನ ಕಡೆ ಗಮನ

ಬ್ಯಾರಕ್ಸ್‌ಗೆ ನಂಬರು ಕೊಟ್ಟದ್ದು ಇದಕ್ಕೇ. ಕದನದ ನಡುವೆ ಪರದೆ ಬಿಟ್ಟು ಊರಿಗೆ ಓಡದೆ, ಆ ಅಂಕಿ ಒತ್ತಿ ಹೊಸ ಸೈನಿಕರನ್ನು ಸಾಲು ಹಚ್ಚಬಹುದು. ಅವರು ಬಂದು ಸೇರುವ ಜಾಗವನ್ನು ರಣರಂಗದಲ್ಲಿಡಬೇಡಿ. ತುಸು ಹಿಂದೆ ಇಡಿ, ಹತ್ತು ಜನ ಕೂಡಿದ ಮೇಲೆ ಒಟ್ಟಿಗೆ ಕರೆಸಿಕೊಳ್ಳಿ.

7. ಹಿಂದೆ ಬರುವುದು

ಹಿಮ್ಮೆಟ್ಟುವ ಹೊತ್ತು ಯಾವುದೆಂದು ಯುದ್ಧಕ್ಕೆ ಮೊದಲೇ ಗೊತ್ತು ಮಾಡಿಕೊಳ್ಳಿ. ಈಟಿಯವರು ಮೂವರಿಗಿಂತ ಕಡಿಮೆಯಾದರೆ ಬಿಲ್ಲುಗಾರರು ಹೊರಟುಬಿಡಬೇಕು ಎಂಬುದು ನನ್ನ ಅಳತೆ. ತೀರಾ ಹೇಡಿತನ ಎನ್ನುವವರು 900 ಚಿನ್ನವನ್ನು ಮತ್ತೆ ಅಗೆಸಿ ನೋಡಲಿ. ಇದನ್ನೆಲ್ಲ ಅಭ್ಯಾಸ ಮಾಡಲು ಆನ್‌ಲೈನ್ ಪಂದ್ಯವೇ ಬೇಕಿಲ್ಲ. ಆಟದಲ್ಲೇ ಇರುವ ‘ಆರ್ಟ್ ಆಫ್ ವಾರ್’ ಪಾಠಗಳಿವೆ. ಇಲ್ಲವೇ ಸಿನಾರಿಯೋ ಎಡಿಟರ್‌ನಲ್ಲಿ ಈ ಕಡೆ 20 ಕ್ರಾಸ್‌ಬೋ, ಆ ಕಡೆ 5 ನೈಟ್ ನಿಲ್ಲಿಸಿ ಬೇಕಾದಷ್ಟು ಸಲ ಕಾದಾಡಬಹುದು.

ಹಿಂದೆ ಬಂದ ತುಕಡಿಯನ್ನು ಕೋಟೆಯೊಳಗೆ ಸೇರಿಸಿ, ಗಾಯ ನಿಧಾನವಾಗಿ ಮಾಯುತ್ತದೆ. ಒಳಗೆ ಬಿಲ್ಲುಗಾರರು ಹೆಚ್ಚಿದಷ್ಟೂ ಕೋಟೆಯಿಂದ ಹೊರಡುವ ಬಾಣಗಳೂ ಹೆಚ್ಚುತ್ತವೆ. ಕೋಟೆಯಲ್ಲಿರುವುದು 20 ಜನರಿಗಷ್ಟೇ ಜಾಗ. ಬಿಲ್ಲುಗಾರರೇ ಅದನ್ನು ತುಂಬಿಕೊಂಡರೆ ಉಳಿದ ಈಟಿಯವರು ಬಾಗಿಲ ಮುಂದೆ ನಿಂತು ಕುದುರೆಗಳನ್ನು ತಡೆಯಲಿ, ಅವರಿಗಾಗಿ ಚಿನ್ನವನ್ನೇನೂ ಕೊಟ್ಟಿಲ್ಲವಲ್ಲ.