ಹ್ಞೂಂ ಅಂದರೆ ಸಾಲದು

ಪುಟ್ಟೀ,

ಮೊನ್ನೆ ಫೋನಿನಲ್ಲಿ ಮೂರು ಸಲ ಒಂದೇ ಮಾತು ಹೇಳಿದೆ: "ನಾನು ಹೇಳಿದ್ದೆ ಮಾವ, ಅವನು ಹ್ಞೂಂ ಅಂದಿದ್ದ." ಹೊಸದಾಗಿ ಐದಾರು ಜನರ ಹೊಣೆ ನಿನ್ನ ಹೆಗಲೇರಿದೆ. ಕೆಲಸ ಕೆಟ್ಟಿತು, ಮೇಲಿನವರು ನಿನ್ನನ್ನು ಕೇಳಿದರು, ಆ ಹುಡುಗನ ಮೇಲೆ ನಿನಗೆ ಸಿಟ್ಟು ಬಂತು. ಬರುವಂಥದ್ದೇ. ಆದರೆ ಮೂವತ್ತು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದ ನನಗೆ ಆ 'ಹ್ಞೂಂ' ಒಂದೇ ಕಿವಿಯಲ್ಲಿ ಉಳಿಯಿತು.

ಕಡೂರಿನ ಆಸುಪಾಸಿನ ಸಣ್ಣ ಸ್ಟೇಷನ್ನಿನಲ್ಲಿದ್ದಾಗಿನ ಮಾತು. ಸಿಗ್ನಲ್ಲಿಗೆ ಜೋಡಣೆಯಿಲ್ಲದ ಗೇಟಾದರೆ ಗಾಡಿ ಬರುವ ಮುಂಚೆ ಗೇಟ್‌ಮನ್‌ಗೆ ಫೋನ್ ಮಾಡಬೇಕು. ಅವನು ಗೇಟು ಹಾಕಿ, ಬೀಗ ಹಾಕಿ, ತನ್ನ ಹಾಳೆಯಲ್ಲಿರುವ ಪ್ರೈವೇಟ್ ನಂಬರ್ ಓದಿ ಹೇಳಬೇಕು. ಬರೀ ಎರಡಂಕಿಯ ಸಂಖ್ಯೆ. ಒಮ್ಮೆ ಹೇಳಿದ ಮೇಲೆ ಅದಕ್ಕೆ ಗೀಟು. ನಾನು ಅದನ್ನು ರಿಜಿಸ್ಟರಿಗೆ ಬರೆದುಕೊಂಡ ಮೇಲೆಯೇ ಸಿಗ್ನಲ್ ಕೊಡುವುದು. ಅವನ ಮೇಲೆ ನಂಬಿಕೆ ಇಲ್ಲವೆಂದಲ್ಲ. ನಮ್ಮ ಮನೆಯ ಯಾವ ಕಾರ್ಯವೂ ಅವನಿಲ್ಲದೆ ನಡೆಯುತ್ತಿರಲಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲೂ ಹ್ಞೂಂ ಅನ್ನಬಹುದು. ನಂಬರ್ ಹೇಳಬೇಕಾದರೆ ಎದ್ದು ಕೂರಬೇಕು, ದೀಪ ಹಿಡಿಯಬೇಕು, ಹಾಳೆ ನೋಡಬೇಕು. ಅಷ್ಟರಲ್ಲಿ ನಿದ್ದೆ ಹಾರಿರುತ್ತದೆ.

ನಮ್ಮ 'ಹ್ಞೂಂ' ಬಹಳ ಒಳ್ಳೆಯ ಪದ. ಕತೆ ಹೇಳುವಾಗ ಮಕ್ಕಳು ಹ್ಞೂಂಗುಟ್ಟದಿದ್ದರೆ ಅಜ್ಜಿಗೆ ಕತೆ ಮುಂದೆ ಹೋಗುವುದಿಲ್ಲ. ಆದರೆ ಅದು ಕೇಳಿಸುತ್ತಿದೆ ಎಂಬುದಕ್ಕೂ ಹ್ಞೂಂ, ತಿಳಿಯಿತು ಎಂಬುದಕ್ಕೂ ಹ್ಞೂಂ, ಒಪ್ಪಿದೆ ಎಂಬುದಕ್ಕೂ ಹ್ಞೂಂ, ಒಮ್ಮೊಮ್ಮೆ ಮಾತು ಮುಗಿಸಿದರೆ ಸಾಕಪ್ಪ ಎಂಬುದಕ್ಕೂ ಹ್ಞೂಂ. ಹೇಳಿದವರು ತಮಗೆ ಬೇಕಾದ ಅರ್ಥವನ್ನೇ ಹಿಡಿದುಕೊಂಡು ಹೋಗುತ್ತಾರೆ.

ಟ್ರೇನಿಂಗಿಗೆ ಬಂದ ಹುಡುಗರಿಗೆ ನಾನು ತಪ್ಪದೆ ಹೇಳುತ್ತಿದ್ದ ಒಂದು ಸಂಗತಿ ಇದೆ. 1977ರ ಮಾರ್ಚ್ 27, ಸ್ಪೇನಿನ ತೆನೆರಿಫೆ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747. ಡಚ್ ವಿಮಾನದವರು ತಾವು ಹೊರಡುವುದರಲ್ಲಿದ್ದೇವೆ ಎಂಬರ್ಥ ಬರುವಂತೆ ಏನೋ ಹೇಳಿದರು. ಕಂಟ್ರೋಲರ್ "ಓಕೆ" ಅಂದ, ಒಂದು ಕ್ಷಣ ಬಿಟ್ಟು, ಕಾಯಿರಿ ಅಂದ. ಅದೇ ಹೊತ್ತಿಗೆ ಇನ್ನೊಂದು ವಿಮಾನದವರೂ ಮಾತಾಡಿದ್ದರಿಂದ ಎರಡು ದನಿ ಒಂದಕ್ಕೊಂದು ಬಡಿದು, ಡಚ್ಚರ ಕಿವಿಗೆ 'ಓಕೆ' ಬಿಟ್ಟರೆ ಕರ್ಕಶ ಸದ್ದಷ್ಟೇ ಬಿತ್ತು. ಅವರು ಹೊರಟೇಬಿಟ್ಟರು, ಎರಡು ವಿಮಾನ ಡಿಕ್ಕಿ ಹೊಡೆದವು. ಸತ್ತವರು 583 ಜನ. ಆಮೇಲೆ 'ಟೇಕಾಫ್' ಪದವನ್ನು ಹಾರಲು ಅನುಮತಿ ಕೊಡುವಾಗ, ಇಲ್ಲವೇ ಅದನ್ನು ಹಿಂತೆಗೆಯುವಾಗ ಮಾತ್ರ ಬಳಸಬೇಕೆಂದು ಮಾಡಿದರು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಡಚ್ ವಿಮಾನ ಓಡತೊಡಗಿದಾಗ ಅದರೊಳಗಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಕೇಳಿಯೂ ಕೇಳಿದ. ಬಹಳ ಹಿರಿಯ ಕ್ಯಾಪ್ಟನ್, ಬಿಟ್ಟಿದೆ ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಅವನು ಮತ್ತೆ ಬಾಯಿ ತೆರೆಯಲಿಲ್ಲ. ಈಗ ನೀನೂ ಮೇಲಿನವಳು ಪುಟ್ಟೀ. ನಿನ್ನ ದನಿ ಅಷ್ಟು ಗಟ್ಟಿಯಾಗದಿರಲಿ.

ಸ್ಟೇಷನ್ನಿನಲ್ಲಿ ಇಷ್ಟೆಲ್ಲ ನಡೆಸಿಕೊಂಡು ಬಂದ ನಾನು ಮನೆಯಲ್ಲಿ ಎಡವಿದೆ. ನಿನ್ನ ಭಾವ ಪಿಯುಸಿ ಮುಗಿಸಿದ ವರ್ಷ. ಪೇಪರ್ ಓದುತ್ತಾ ಕೂತಿದ್ದೆ. "ಅಪ್ಪ, ಎಂಜಿನಿಯರಿಂಗ್ ಬೇಡ, ಬಿಎಸ್ಸಿ ಅಗ್ರಿ ಸೇರ್ತೀನಿ" ಅಂದನಂತೆ. ಹ್ಞೂಂ ಅಂದೆನಂತೆ. ಫೀಸಿನ ರಸೀದಿ ನೋಡಿ ನಾನು ಕೂಗಾಡಿದಾಗ ಅವನು "ನೀವೇ ಹ್ಞೂಂ ಅಂದ್ರಲ್ಲ ಅಪ್ಪ" ಅಂತ ಅತ್ತುಬಿಟ್ಟ. ಎರಡು ತಿಂಗಳು ನಮ್ಮಿಬ್ಬರ ಮಾತು ನಿಮ್ಮತ್ತೆಯ ಮೂಲಕವೇ ಓಡಾಡಿತು. ಅವನ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಬದುಕಿನ ದೊಡ್ಡ ಮಾತನ್ನು ಧೈರ್ಯ ಮಾಡಿ ನನ್ನ ಮುಂದೆ ಇಟ್ಟಿದ್ದ, ನಾನು ಪೇಪರ್ ಕೆಳಗಿಡಲಿಲ್ಲ. ಅದು ನನಗೆ ಇಂದಿಗೂ ನೋವು.

ಅದಕ್ಕೇ ಹೇಳುತ್ತೇನೆ, "ಅರ್ಥ ಆಯ್ತಾ?" ಅಂತ ಯಾರನ್ನೂ ಕೇಳಬೇಡ. ಇಲ್ಲ ಅನ್ನಲು ಎಲ್ಲರಿಗೂ ನಾಚಿಕೆ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ಗೊತ್ತಾಗಬೇಕು, ಎಲ್ಲಿಂದ ಶುರು ಮಾಡ್ತೀಯ ಹೇಳು" ಅನ್ನು. ಪರೀಕ್ಷೆ ನಿನ್ನ ಮಾತಿಗೇ ಹೊರತು ಅವನ ಬುದ್ಧಿಗಲ್ಲ ಎಂದು ಅವನಿಗೆ ತಿಳಿಯಲಿ. 'ಬೇಗ' ಅನ್ನುವ ಬದಲು 'ಗುರುವಾರ ಮಧ್ಯಾಹ್ನದೊಳಗೆ' ಅನ್ನು. ಮುಂದಿನ ದಾರಿ ರಿಪೇರಿಯಲ್ಲಿದ್ದರೆ ಲೋಕೋ ಪೈಲಟ್‌ಗೆ 'ನಿಧಾನಕ್ಕೆ ಹೋಗಪ್ಪ' ಅಂದು ನಾವು ಕೈ ತೊಳೆದುಕೊಳ್ಳುತ್ತಿರಲಿಲ್ಲ. ಎಷ್ಟನೇ ಕಿಲೋಮೀಟರಿನಿಂದ ಎಷ್ಟರವರೆಗೆ, ಎಷ್ಟು ವೇಗ ಎಂದು ಕಾಷನ್ ಆರ್ಡರ್ ಬರೆದುಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಯಾರಾದರೂ "ನೋಡೋಣ" ಅಂದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡ, ಏನು ಅಡ್ಡಿ ಅಂತ ಮೆಲ್ಲಗೆ ಕೇಳು.

ನಾಳೆ ಆ ಹುಡುಗನನ್ನು ಒಬ್ಬನನ್ನೇ ಕರೆದು ಕೂರಿಸು. ಏಕೆ ಮಾಡಲಿಲ್ಲ ಅಂತ ಶುರು ಮಾಡಬೇಡ. ಆ ದಿನ ನಾನು ಹೇಳಿದ್ದು ನಿನಗೆ ಹೇಗೆ ಕೇಳಿಸಿತು ಅಂತ ಕೇಳು. ಅವನು ಹೇಳಿ ಮುಗಿಸುವ ತನಕ ಮೊಬೈಲ್ ಮಗುಚಿ ಇಟ್ಟಿರು. ಅವನು ಏನಂದ ಅಂತ ರಾತ್ರಿ ನನಗೆ ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ ಮಾವ