ಹಿಮನದಿಯ ಮೇಲೆ ಒಂದು ದಿನದ ಚಾರಣ: ಸಿದ್ಧತೆ ಶೂನಿಂದ ಶುರುವಾಗಲಿ

ಐಸ್‌ಲ್ಯಾಂಡಿನ ದಕ್ಷಿಣ ಭಾಗದಲ್ಲಿರುವ ಸೋಲ್‌ಹೇಮಾಯೋಕುಲ್, ಪರ್ವತಾರೋಹಣದ ಯಾವ ತರಬೇತಿಯೂ ಇಲ್ಲದವರು ಗೈಡ್ ಜೊತೆ ನಡೆದು ಬರಬಹುದಾದ ಹಿಮನದಿ. ಮಿರ್ದಾಲ್ಸ್‌ಯೋಕುಲ್ ಎಂಬ ವಿಶಾಲ ಹಿಮದ ಹಾಸಿನಿಂದ ಕೆಳಕ್ಕೆ ಚಾಚಿರುವ, ಸುಮಾರು 8 ಕಿ.ಮೀ. ಉದ್ದದ ನಾಲಿಗೆ ಇದು. ಆ ಹಾಸಿನ ಅಡಿಯಲ್ಲೇ ಕಾಟ್ಲಾ ಜ್ವಾಲಾಮುಖಿ ಇದೆ. ಅದರ ಕೊನೆಯ ದೊಡ್ಡ ಸ್ಫೋಟ ಆದದ್ದು 1918ರಲ್ಲಿ. ರಾಜಧಾನಿ ರೇಕ್ಯಾವಿಕ್‌ನಿಂದ ಒಂದನೇ ಸಂಖ್ಯೆಯ ಹೆದ್ದಾರಿಯಲ್ಲಿ 150 ಕಿ.ಮೀ.ಗೂ ಹೆಚ್ಚು ದೂರ ಸಾಗಿ, ಸ್ಕೋಗಾಫೊಸ್ ಜಲಪಾತ ದಾಟಿದ ಮೇಲೆ 221ನೇ ಸಂಖ್ಯೆಯ ರಸ್ತೆಗೆ ಎಡಕ್ಕೆ ತಿರುಗಿದರೆ ನಾಲ್ಕೈದು ಕಿ.ಮೀ.ನಲ್ಲಿ ವಾಹನ ನಿಲ್ದಾಣ ಸಿಗುತ್ತದೆ. ಚಾರಣ ವರ್ಷವಿಡೀ ನಡೆಯುತ್ತದೆ. ಬೇಸಿಗೆಯಲ್ಲಿ ಹಗಲು ದೀರ್ಘ, ರಸ್ತೆ ಸಲೀಸು. ಚಳಿಗಾಲದಲ್ಲಿ ಹಿಮ ಹೆಚ್ಚು ನೀಲಿ, ಆದರೆ ಡಿಸೆಂಬರ್‌ನಲ್ಲಿ ಬೆಳಕು ಇರುವುದೇ ನಾಲ್ಕೈದು ಗಂಟೆ.

ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ವೀಸಾಗೆ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವೀಸಾಗೆಂದು ಕೊಳ್ಳುವ ಅಗ್ಗದ ಪಾಲಿಸಿಗಳಲ್ಲಿ ‘ಸಾಹಸ ಕ್ರೀಡೆ’ಗಳನ್ನು ಹೊರಗಿಟ್ಟಿರುವುದು ಸಾಮಾನ್ಯ, ಗೈಡ್ ಜೊತೆಗಿನ ಹಿಮನದಿ ನಡಿಗೆಯೂ ಅದರಲ್ಲಿ ಸೇರಿಬಿಡಬಹುದು. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ, ಅನುಮಾನವಿದ್ದರೆ ವಿಮಾ ಸಂಸ್ಥೆಯಿಂದ ಲಿಖಿತ ಉತ್ತರ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಬುಕಿಂಗ್ ಮಾಡುವಾಗ ನೋಡಬೇಕಾದದ್ದು ಮುಖ್ಯವಾಗಿ ಎರಡು. ಮೊದಲನೆಯದು, ಒಟ್ಟು ಅವಧಿಯಲ್ಲಿ ಹಿಮದ ಮೇಲೆ ಕಳೆಯುವ ಸಮಯ ಎಷ್ಟು ಎಂಬುದು. ಮೂರು ಗಂಟೆಯ ಪ್ರವಾಸ ಎಂದರೆ ಮೂರು ಗಂಟೆ ಹಿಮದ ಮೇಲೆ ನಡಿಗೆ ಎಂದಲ್ಲ. ಸಲಕರಣೆ ತೊಡುವುದು, ಹಿಮದ ಅಂಚಿನವರೆಗೆ ನಡೆದು ಹೋಗುವುದು, ವಾಪಸಾಗುವುದು ಎಲ್ಲವೂ ಅದರಲ್ಲೇ ಸೇರಿದ್ದು, ಹಿಮದ ಮೇಲೆ ಸಿಗುವುದು ಒಂದರಿಂದ ಒಂದೂವರೆ ಗಂಟೆ. ಮೊದಲ ಸಲ ಹೋಗುವವರಿಗೆ, ಮಕ್ಕಳಿರುವ ಕುಟುಂಬಗಳಿಗೆ ಅಷ್ಟು ಸಾಕು. ಐದು ಗಂಟೆಯ ಪ್ರವಾಸ ಮಂಡಿ ಗಟ್ಟಿಯಾಗಿರುವವರಿಗೆ. ಎರಡನೆಯದು, ಗೈಡ್ ಸಿಗುವ ಜಾಗ. ಒಂದೇ ಚಾರಣವನ್ನು ಕಂಪನಿಗಳು ಎರಡು ಬಗೆಯಲ್ಲಿ ಮಾರುತ್ತವೆ: ರೇಕ್ಯಾವಿಕ್‌ನಿಂದ ಬಸ್ಸಿನಲ್ಲಿ ಕರೆದೊಯ್ಯುವುದು ಮತ್ತು ನೇರ ಹಿಮನದಿಯ ವಾಹನ ನಿಲ್ದಾಣಕ್ಕೆ ಬರಹೇಳುವುದು. ಬೆಲೆ ಕಡಿಮೆ ಎಂದು ಎರಡನೆಯದನ್ನು ಆರಿಸಿ, ಬೆಳಿಗ್ಗೆ ಹೋಟೆಲ್ ಬಾಗಿಲಲ್ಲಿ ಬಸ್ಸಿಗಾಗಿ ಕಾದು ನಿಂತವರಿದ್ದಾರೆ. ಎರಡು ಗಂಟೆಗೂ ಹೆಚ್ಚಿನ ದಾರಿ, ಗೈಡ್ ಯಾರಿಗಾಗಿಯೂ ಕಾಯುವುದಿಲ್ಲ, ಕಟ್ಟಿದ ಹಣ ವಾಪಸ್ ಬರುವುದಿಲ್ಲ.

ಮಕ್ಕಳಿಗೆ ಕನಿಷ್ಠ ವಯಸ್ಸಿನ ಮಿತಿ ಇದೆ, ಅದು ಪ್ರವಾಸದಿಂದ ಪ್ರವಾಸಕ್ಕೆ ಬೇರೆ. ಹಿಮದಲ್ಲಿ ಹಿಡಿತಕ್ಕಾಗಿ ಶೂನ ತಳಕ್ಕೆ ಕಟ್ಟುವ ಕ್ರ್ಯಾಂಪಾನ್ ತೀರಾ ಚಿಕ್ಕ ಪಾದಕ್ಕೆ ಕೂರುವುದಿಲ್ಲ. ಆದ್ದರಿಂದ ವಯಸ್ಸು ಹೆಚ್ಚು ಹೇಳಿ ಬುಕ್ ಮಾಡಿದರೂ ಉಪಯೋಗವಿಲ್ಲ, ಮಗು ನಿಲ್ದಾಣದಲ್ಲೇ ಉಳಿಯಬೇಕಾಗುತ್ತದೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಮಂಡಿ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಮೊದಲೇ ಕೇಳಬೇಕು. ಚಾರಣವನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದೂ ತಪ್ಪು ಲೆಕ್ಕ. ಗಾಳಿ ಜೋರಾದರೆ ಕಂಪನಿಯೇ ರದ್ದು ಮಾಡುತ್ತದೆ. ಆಗ ಮರುದಿನಕ್ಕೆ ಹೊಂದಿಸಿಕೊಳ್ಳಲು ಕೈಯಲ್ಲಿ ಒಂದು ದಿನ ಇರಬೇಕು.

ಇನ್ನು ಶೂ. ಹೆಚ್ಚಿನವರು ಎಡವುವುದು ಇಲ್ಲಿಯೇ, ಅದೂ ಹಿಮದ ಮೇಲಲ್ಲ, ಊರಿನಲ್ಲಿ ಪೆಟ್ಟಿಗೆ ತುಂಬುವಾಗ. ದಿನಾ ಬೆಳಿಗ್ಗೆ ವಾಕಿಂಗ್‌ಗೆ ಹೋಗುವ ಶೂ ಇದೆ, ಕುಮಾರಪರ್ವತವನ್ನೂ ಅದರಲ್ಲೇ ಹತ್ತಿದ್ದಾಗಿದೆ, ಇದಕ್ಕೂ ಅದೇ ಸಾಕು ಎಂಬ ಲೆಕ್ಕಾಚಾರ. ಅದು ಸಾಲದು. ಕಾರಣ ಚಳಿಯಲ್ಲ, ಕ್ರ್ಯಾಂಪಾನ್.

ಕ್ರ್ಯಾಂಪಾನ್ ಎಂದರೆ 10 ಅಥವಾ 12 ಲೋಹದ ಹಲ್ಲುಗಳಿರುವ ಚೌಕಟ್ಟು. ಶೂನ ತಳಕ್ಕೆ ಅದನ್ನಿಟ್ಟು, ಮುಂದೆ ಬೆರಳಿನ ಕಡೆ ಮತ್ತು ಹಿಂದೆ ಹಿಮ್ಮಡಿಯ ಕಡೆ ಕೂರಿಸಿ, ಪಟ್ಟಿಯಿಂದ ಬಿಗಿಯುತ್ತಾರೆ. ಈ ಚೌಕಟ್ಟು ಹೆಚ್ಚು ಬಾಗುವುದಿಲ್ಲ. ಸ್ಪೋರ್ಟ್ಸ್ ಶೂ ಪ್ರತಿ ಹೆಜ್ಜೆಗೂ ಮಧ್ಯದಲ್ಲಿ ಬಾಗುತ್ತದೆ. ಬಾಗದ ಲೋಹದ ಮೇಲೆ ಬಾಗುವ ಶೂ ಕೂತರೆ ಹೆಜ್ಜೆ ಹೆಜ್ಜೆಗೂ ಪಟ್ಟಿ ಸಡಿಲವಾಗುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಕೊನೆಗೆ ಇಳಿಜಾರಿನಲ್ಲಿ, ಎಲ್ಲಿ ಹಿಡಿತ ಅತ್ಯಗತ್ಯವೋ ಅಲ್ಲೇ, ಕ್ರ್ಯಾಂಪಾನ್ ಕಳಚಿಕೊಳ್ಳುತ್ತದೆ. ಮೆತ್ತನೆಯ ಮೇಲ್ಭಾಗದ ಮೇಲೆ ಪಟ್ಟಿ ಬಿಗಿದರೆ ಪಾದಕ್ಕೆ ರಕ್ತ ಸರಿಯಾಗಿ ಹರಿಯದೆ ಬೆರಳು ಮರಗಟ್ಟುತ್ತದೆ, ಬಿಗಿಯದಿದ್ದರೆ ಜಾರುತ್ತದೆ. ಪಾದದ ಗಂಟಿಗೆ ಆಸರೆ ಇಲ್ಲದ ಗಿಡ್ಡ ಶೂ ಆದರೆ ಕಾಲು ಹೊರಳಿ ಉಳುಕುವ ಅಪಾಯ ಬೇರೆ.

ಹಾಗಾದರೆ ಬೇಕಾದದ್ದು ಎಂಥ ಶೂ? ಪಾದದ ಗಂಟನ್ನು ಮುಚ್ಚುವಷ್ಟು ಎತ್ತರ, ಗಟ್ಟಿ ತಳ, ನೀರು ಒಳಗೆ ಬಿಡದ ಮೇಲ್ಭಾಗ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಶೂನ ತುದಿಯನ್ನು ಒಂದು ಕೈಯಲ್ಲಿ, ಹಿಮ್ಮಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮಡಚಿ ನೋಡಬೇಕು. ತಾಳೆಗರಿಯ ಹಾಗೆ ಸುಲಭವಾಗಿ ಮಡಚಿಕೊಂಡರೆ ಅದು ಹಿಮನದಿಗೆ ಆಗದು. ಆಮೇಲೆ ಹಿಮ್ಮಡಿಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಕುಸಿಯಬಾರದು. ಇಂಥ ಬೂಟು ಇಲ್ಲದವರು ಹೊಸದು ಕೊಳ್ಳಲೇಬೇಕೆಂದಿಲ್ಲ. ಪ್ರವಾಸ ಕಂಪನಿಗಳು ಬಾಡಿಗೆಗೆ ಕೊಡುತ್ತವೆ, ಆದರೆ ಬುಕಿಂಗ್ ಮಾಡುವಾಗಲೇ ಕೇಳಿರಬೇಕು. ಅಲ್ಲಿ ಹೋಗಿ ಕೇಳಿದರೆ ಅಳತೆಯದು ಸಿಗದೇ ಹೋಗಬಹುದು.

ಬಾಡಿಗೆ ಬೂಟಿನ ಅಳತೆಯಲ್ಲೂ ತಪ್ಪಾಗುತ್ತದೆ. ನಮ್ಮಲ್ಲಿ ಮಾರುವ ಶೂಗಳ ಮೇಲೆ ಸಾಮಾನ್ಯವಾಗಿ ಬ್ರಿಟಿಷ್ ಅಳತೆ ಇರುತ್ತದೆ, ಐಸ್‌ಲ್ಯಾಂಡಿನ ಅರ್ಜಿಯಲ್ಲಿ ಕೇಳುವುದು ಯುರೋಪಿನ ಅಳತೆ. ಇಲ್ಲಿನ 8 ಎಂದರೆ ಅಲ್ಲಿ ಸುಮಾರು 42. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಶೂನ ಒಳನಾಲಿಗೆಯ ಮೇಲೆ ಎರಡೂ ಸಂಖ್ಯೆ ಅಚ್ಚಾಗಿರುವುದು ಸಾಮಾನ್ಯ, ಅದನ್ನೇ ನೋಡಿ ಬರೆಯಬೇಕು. ದಪ್ಪ ಉಣ್ಣೆಯ ಕಾಲುಚೀಲಕ್ಕೆ ಜಾಗ ಬೇಕಾದ್ದರಿಂದ ಅರ್ಧ ಅಳತೆ ದೊಡ್ಡದು ಇದ್ದರೆ ಒಳ್ಳೆಯದು. ಇಳಿಯುವಾಗ ಬೆರಳು ಶೂನ ತುದಿಗೆ ಗುದ್ದುತ್ತದೆ. ಹಿಂದಿನ ರಾತ್ರಿ ಉಗುರು ಕತ್ತರಿಸಿಕೊಳ್ಳುವುದನ್ನು ಮರೆಯಬಾರದು. ಹೊಸ ಬೂಟು ಕೊಂಡವರು ಕನಿಷ್ಠ ಎರಡು ವಾರ ಅದನ್ನು ಹಾಕಿಕೊಂಡು ನಡೆದಿರಬೇಕು, ಇಲ್ಲದಿದ್ದರೆ ಹಿಮ್ಮಡಿಯಲ್ಲಿ ಬೊಬ್ಬೆ ಖಂಡಿತ. ರೇಕ್ಯಾವಿಕ್‌ನ ಅಂಗಡಿಗಳಲ್ಲಿ ಸಿಗುವ, ರಬ್ಬರ್ ಪಟ್ಟಿಗೆ ಸಣ್ಣ ಮುಳ್ಳು ಕಟ್ಟಿದ ಸಾಧನ ಪಾದಚಾರಿ ಮಾರ್ಗದ ಹಿಮಕ್ಕೆ ಮಾತ್ರ. ಹಿಮನದಿಯ ಇಳಿಜಾರಿಗೆ ಅದನ್ನು ನಂಬಬಾರದು.

ಬಟ್ಟೆಯ ವಿಷಯ ಇಷ್ಟು ಕಷ್ಟದ್ದಲ್ಲ. ಮೈಗೆ ಅಂಟಿದಂತೆ ಉಣ್ಣೆ ಅಥವಾ ಸಿಂಥೆಟಿಕ್ ಒಳ ಉಡುಪು, ಅದರ ಮೇಲೆ ಫ್ಲೀಸ್, ಎಲ್ಲಕ್ಕೂ ಮೇಲೆ ಮಳೆ ಗಾಳಿ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಹತ್ತಿ ಬಟ್ಟೆ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಒಮ್ಮೆ ನೆನೆದರೆ ಒಣಗದು, ಮೈಯ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಸಡಿಲ ಕಾಲಿನ ಪಲಾಜೊ, ಸಲ್ವಾರ್‌ಗಳಿಗೆ ಕ್ರ್ಯಾಂಪಾನಿನ ಹಲ್ಲು ಸಿಕ್ಕಿ ಮುಗ್ಗರಿಸುವ ಅಪಾಯವಿದೆ. ಕೈಗವಸು ಬೇಸಿಗೆಯಲ್ಲೂ ಬೇಕು. ಹಿಮದ ಮೇಲ್ಮೈ ನುಣುಪಾಗಿರುವುದಿಲ್ಲ, ಹರಳು ಹರಳಾಗಿ ಚೂಪಾಗಿರುತ್ತದೆ, ಬಿದ್ದು ಕೈ ಊರಿದರೆ ಅಂಗೈ ತರಚಿಹೋಗುತ್ತದೆ. ಬಿಸಿಲಿದ್ದರೆ ಕೆಳಗಿನಿಂದಲೂ ಬೆಳಕು ಚಿಮ್ಮುವುದರಿಂದ ತಂಪು ಕನ್ನಡಕ ಬೇಕು, ಸನ್‌ಸ್ಕ್ರೀನನ್ನು ಗಲ್ಲದ ಅಡಿಗೂ ಹಚ್ಚಿಕೊಳ್ಳಬೇಕು. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಟ್ಟುಕೊಂಡರೆ ಉಳಿಯುತ್ತದೆ.

ಚಾರಣದ ದಿನ ನಿಗದಿತ ವೇಳೆಗೆ ಅರ್ಧ ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಶೌಚಾಲಯಕ್ಕೆ ಆಗಲೇ ಹೋಗಿ ಬರಬೇಕು, ಮೇಲೆ ಏನೂ ಇಲ್ಲ. ಸಸ್ಯಾಹಾರಿಗಳು ಚಪಾತಿಯೋ ಬ್ರೆಡ್ಡೋ ಏನಾದರೂ ಜೊತೆಗಿಟ್ಟುಕೊಂಡರೆ ನಿಶ್ಚಿಂತೆ. ಗೈಡ್ ಹೆಲ್ಮೆಟ್, ಹಾರ್ನೆಸ್, ಕ್ರ್ಯಾಂಪಾನ್, ಹಿಮಗೊಡಲಿ ಕೊಡುತ್ತಾರೆ. ಹಗ್ಗವನ್ನೇ ಕಟ್ಟುವುದಿಲ್ಲ, ಹಾರ್ನೆಸ್ ಏಕೆ ಎಂದು ಹಲವರು ಕೇಳುತ್ತಾರೆ. ಹಿಮನದಿಯ ಕೆಳಭಾಗದಲ್ಲಿ ಮೇಲಿನ ಹೊಸ ಹಿಮ ಕರಗಿಹೋಗಿ ಗಟ್ಟಿ ಹಿಮ ಬಯಲಾಗಿರುತ್ತದೆ, ಬಿರುಕುಗಳು ಕಣ್ಣಿಗೆ ಕಾಣುತ್ತವೆ. ಅದಕ್ಕೇ ಹಗ್ಗವಿಲ್ಲದೆ ನಡೆಸುತ್ತಾರೆ. ಆದರೂ ಯಾರಾದರೂ ಬಿರುಕಿಗೆ ಬಿದ್ದರೆ ಹಗ್ಗ ಸಿಕ್ಕಿಸಿ ಎತ್ತಲು ಸೊಂಟದಲ್ಲಿ ಹಾರ್ನೆಸ್ ಇರಲೇಬೇಕು. ಭಾರವೆಂದು ಮಧ್ಯದಲ್ಲಿ ಸಡಿಲಿಸಿಕೊಳ್ಳುವುದು ಮೂರ್ಖತನ.

ನಿಲ್ದಾಣದಿಂದ ಹಿಮದ ಅಂಚಿಗೆ, ಹಿಮನದಿಯ ಮುಂದಿರುವ ಸರೋವರದ ಬದಿಯಲ್ಲಿ, ಕಲ್ಲು ಮಣ್ಣಿನ ದಾರಿಯಲ್ಲಿ ನಡೆಯಬೇಕು. ಹಿಮನದಿ ಹಿಂದೆ ಸರಿದಂತೆ ಸರೋವರ ದೊಡ್ಡದಾಗಿ ಈ ದಾರಿ ಉದ್ದವಾಗುತ್ತಲೇ ಇದೆ. ಹತ್ತಿರದ ಹ್ವೋಲ್ಸ್‌ವೋಟ್ಲುರ್ ಊರಿನ ಶಾಲಾ ಮಕ್ಕಳು 2010ರಿಂದ ಪ್ರತಿ ಶರತ್ಕಾಲದಲ್ಲಿ ಬಂದು ಹಿಮದ ತುದಿ ಎಷ್ಟು ಹಿಂದೆ ಸರಿದಿದೆ ಎಂದು ಅಳೆಯುತ್ತಾರೆ.

ಅಂಚಿನಲ್ಲಿ ಕ್ರ್ಯಾಂಪಾನ್ ತೊಟ್ಟ ಮೇಲೆ ನಡಿಗೆ ಬದಲಾಗಬೇಕು. ನೆಲದ ಮೇಲೆ ನಾವು ಹಿಮ್ಮಡಿ ಊರಿ ಬೆರಳಿನಿಂದ ತಳ್ಳುತ್ತೇವೆ. ಹಿಮದ ಮೇಲೆ ಇಡೀ ಅಂಗಾಲು ಒಟ್ಟಿಗೆ, ಎಲ್ಲ ಹಲ್ಲುಗಳೂ ನಾಟುವಂತೆ ಇಡಬೇಕು. ಎರಡು ಪಾದಗಳ ನಡುವೆ ಒಂದು ಗೇಣು ಅಂತರ ಇರಲಿ, ಇಲ್ಲದಿದ್ದರೆ ಒಂದು ಕಾಲಿನ ಹಲ್ಲು ಇನ್ನೊಂದರ ಪ್ಯಾಂಟಿಗೆ ಸಿಕ್ಕುತ್ತದೆ. ಪಾದ ಎಳೆಯದೆ ಎತ್ತಿ ಇಡಬೇಕು. ಪಟ್ಟಿಯ ತುದಿಯನ್ನೂ ಶೂ ದಾರವನ್ನೂ ಒಳಕ್ಕೆ ಸಿಕ್ಕಿಸಿಕೊಳ್ಳಬೇಕು. ಹೆದರಿದವರು ಇಳಿಯುವಾಗ ಹಿಂದಕ್ಕೆ ವಾಲುತ್ತಾರೆ. ಆಗ ಹಿಮ್ಮಡಿಯ ಎರಡು ಮೂರು ಹಲ್ಲು ಮಾತ್ರ ನಾಟಿ ಕಾಲು ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಭಾರ ಮುಂದಕ್ಕೆ ತಂದರೆ ಹಲ್ಲು ಗಟ್ಟಿಯಾಗಿ ಕಚ್ಚುತ್ತದೆ. ಪಟ್ಟಿ ಸಡಿಲವಾಯಿತು ಅನ್ನಿಸಿದ ಕೂಡಲೇ ಗೈಡ್‌ಗೆ ಹೇಳಬೇಕು. ಗುಂಪನ್ನು ನಿಲ್ಲಿಸಲು ಸಂಕೋಚಪಟ್ಟು ಹಾಗೇ ನಡೆಯುವ ನಮ್ಮವರ ಸ್ವಭಾವ ಇಲ್ಲಿ ಅಪಾಯಕಾರಿ.

ದಾರಿಯುದ್ದಕ್ಕೂ ಕಪ್ಪು ಬೂದಿ ಕಾಣುತ್ತದೆ. ಅದು ಕೊಳೆಯಲ್ಲ, ಜ್ವಾಲಾಮುಖಿಗಳು ಉಗುಳಿದ್ದು. ತೆಳುವಾಗಿದ್ದರೆ ಬಿಸಿಲು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ, ದಪ್ಪವಾಗಿದ್ದರೆ ಅಡಿಯ ಹಿಮಕ್ಕೆ ಹೊದಿಕೆಯಾಗುತ್ತದೆ. ಸುತ್ತಲಿನ ಹಿಮ ಕರಗಿ ಇಳಿದಾಗ ಹೊದಿಕೆಯ ಅಡಿಯದು ಕಪ್ಪು ಗೋಪುರವಾಗಿ ಎದ್ದು ನಿಲ್ಲುತ್ತದೆ. ಕರಗಿದ ನೀರು ನೇರ ಆಳಕ್ಕೆ ಬೀಳುವ ಬಾವಿಯಂಥ ರಂಧ್ರಗಳೂ ಇವೆ. ಅವುಗಳ ಅಂಚು ಒಳಗೆ ಪೊಳ್ಳಾಗಿರಬಹುದು. ಗೈಡ್ ಹೇಳಿದ ಗೆರೆ ದಾಟಿ ಸೆಲ್ಫಿಗೆ ಹೋಗಬಾರದು. ಹಿಮದ ಕಮಾನು, ಗುಹೆಗಳ ಕೆಳಗೆ ನಿಲ್ಲುವುದೂ ಹಾಗೇ. 2024ರ ಆಗಸ್ಟ್‌ನಲ್ಲಿ ಇದೇ ದೇಶದ ಬ್ರೇದಾಮರ್ಕುರ್‌ಯೋಕುಲ್ ಹಿಮನದಿಯಲ್ಲಿ ಗೈಡ್ ಜೊತೆ ಹೋಗಿದ್ದ ಗುಂಪಿನ ಮೇಲೆ ಹಿಮ ಕುಸಿದು ಪ್ರವಾಸಿಯೊಬ್ಬರು ಸತ್ತರು. ಬೇಸಿಗೆಯಲ್ಲಿ ಹಿಮಗುಹೆ ತೋರಿಸುತ್ತೇವೆ ಎಂಬ ಜಾಹೀರಾತು ಕಂಡರೆ ಹಿಂದೆ ಸರಿಯುವುದೇ ಲೇಸು.

ವಾಪಸಾಗುವಾಗ ಕ್ರ್ಯಾಂಪಾನ್ ಕಳಚುವುದು ಗೈಡ್ ಹೇಳಿದ ಜಾಗದಲ್ಲಿ ಮಾತ್ರ. ಕಾರಿಗೆ ಮರಳಿದವರು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕು. ಇಲ್ಲಿನ ಗಾಳಿ ಕಾರಿನ ಬಾಗಿಲನ್ನೇ ಹಿಂದಕ್ಕೆ ಮುರಿಯುತ್ತದೆ, ಬಾಡಿಗೆ ಕಾರಿನ ಸಾಮಾನ್ಯ ವಿಮೆಯಲ್ಲಿ ಅದಕ್ಕೆ ಪರಿಹಾರ ಇರುವುದಿಲ್ಲ. ದಾರಿ ಗೊತ್ತಾಯಿತೆಂದು ಮರುದಿನ ಗೈಡ್ ಇಲ್ಲದೆ ಹಿಮ ಹತ್ತುವ ಯೋಚನೆ ಬೇಡ, ಕರಗುವ ಹಿಮದಲ್ಲಿ ನಿನ್ನೆಯ ದಾರಿ ಇಂದು ಇರುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಎಲ್ಲ ತುರ್ತು ಸೇವೆಗಳಿಗೂ ಒಂದೇ ಸಂಖ್ಯೆ: 112.