ತಲೆನೋವು ಮುಚ್ಚಿಡಬೇಡ

ಲೇಹ್‌ಗೆ ಟಿಕೆಟ್ ಬುಕ್ ಮಾಡಿದ್ದೀಯಂತೆ, ಸಂತೋಷ ಕಣಪ್ಪ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವನು ನೀನು. ನಿನ್ನ ಕಾಲಿನ ಕಸುವಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಎತ್ತರದ ಕಾಯಿಲೆ ಕಸುವು ನೋಡಿ ಬರುವುದಿಲ್ಲ. ಗಟ್ಟಿಗರು ಇನ್ನೂ ಹುಷಾರಾಗಿರಬೇಕು: ಅವರು ಬೇಗ ಹತ್ತುತ್ತಾರೆ, ತಲೆ ಸಿಡಿಯುತ್ತಿದ್ದರೂ ಬಾಯಿ ಬಿಡುವುದಿಲ್ಲ.

ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ದಿಲ್ಲಿಯಿಂದ ಹಾರಿದ ವಿಮಾನ ಸುಮಾರು ಒಂದೂವರೆ ಗಂಟೆಯಲ್ಲಿ ನಿನ್ನನ್ನು 3,500 ಮೀಟರ್ ಆಸುಪಾಸಿನಲ್ಲಿ ಇಳಿಸುತ್ತದೆ. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟೇ ಇದೆ, ಆದರೆ ಒತ್ತಡ ಕಡಿಮೆ. ಕಡಲತೀರದಲ್ಲಿ ಒಂದು ಉಸಿರಿಗೆ ಸಿಗುವುದರಲ್ಲಿ ಮೂರನೇ ಎರಡರಷ್ಟೇ ದಕ್ಕುತ್ತದೆ. ಮೈ ಇದಕ್ಕೆ ಒಗ್ಗಲು ಸಮಯ ಬೇಕು. ಮೊದಲ ಎರಡು ದಿನ ಲೇಹ್‌ನಲ್ಲೇ ಸುಮ್ಮನಿರು. ಇಳಿದ ದಿನವೇ ಬೈಕ್ ಬಾಡಿಗೆಗೆ ಹಿಡಿದು ಇನ್ನೂ ಎತ್ತರದ ಖರ್ದುಂಗ್ ಲಾ ಕಡೆ ಹೊರಡಬೇಡ. ಚಾರಣ ಶುರುವಾದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡ. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ತಂಗು. ಮದ್ಯ, ನಿದ್ದೆ ಮಾತ್ರೆ ಬೇಡವೇ ಬೇಡ. ಎತ್ತರಕ್ಕೆ ಒಗ್ಗಲು ನೆರವಾಗುವ ಡೈಮಾಕ್ಸ್ ಮಾತ್ರೆ ಬೇಕೇ ಎಂದು ಹೊರಡುವ ಮುನ್ನವೇ ಡಾಕ್ಟರನ್ನು ಕೇಳು. ಸಲ್ಫಾ ಔಷಧಿ ಮೈಗಾಗದಿದ್ದರೆ ಅದನ್ನೂ ತಿಳಿಸು. ಮಾತ್ರೆ ನುಂಗಿದವರ ಬೆರಳ ತುದಿ ಜುಮುಗುಟ್ಟುವುದುಂಟು, ಗಾಬರಿಯಾಗಬೇಡ. ಮಾತ್ರೆಯಿದೆಯೆಂದು ಅವಸರದಿಂದ ಹತ್ತುವಂತೆಯೂ ಇಲ್ಲ.

ತಲೆನೋವಿನ ಜೊತೆ ವಾಕರಿಕೆ, ಸುಸ್ತು ಕಾಣಿಸಿ ಊಟ ಸೇರದಿದ್ದರೆ ಬಿಸಿಲು, ಪಿತ್ತ ಎಂದು ನೆಪ ಹುಡುಕಬೇಡ. ಎತ್ತರದ ಕಾಯಿಲೆಯೆಂದೇ ತಿಳಿದು ಅಲ್ಲೇ ನಿಲ್ಲು, ಜಾಸ್ತಿಯಾದರೆ ಇಳಿ. ಟೆಂಟಿನ ಗೆಳೆಯ ಮ್ಯಾಗಿ ಬಟ್ಟಲನ್ನು ಮುಟ್ಟದೆ ಸರಿಸಿದರೆ, ಮಾತಿಗೆ ಅಡ್ಡಾದಿಡ್ಡಿ ಉತ್ತರ ಕೊಟ್ಟರೆ, ನೆಲದಲ್ಲಿ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗುವಂತೆ ನಡೆಸಿ ನೋಡು. ಓಲಾಡಿದರೆ ಮಿದುಳು ಊದಿಕೊಳ್ಳುತ್ತಿರಬಹುದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡರಲ್ಲೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಮ್ಲಜನಕವಿದ್ದರೆ ಕೊಡಿ, ಗೈಡ್ ಜೊತೆ ಆ ರಾತ್ರಿಯೇ ಕೆಳಗಿಳಿಸಿ; ಒಬ್ಬನನ್ನೇ ಎಂದೂ ಕಳಿಸಬೇಡಿ.

ಹೊರಡುವ ಮೊದಲೇ ಗುಂಪಿನಲ್ಲಿ ಮಾತಾಗಿಬಿಡಲಿ: ಯಾರಿಗೇ ತಲೆನೋವು ಬಂದರೂ ಹೇಳಬೇಕು, ಹೇಳಿದವರನ್ನು ಯಾರೂ ಛೇಡಿಸಕೂಡದು, ಒಬ್ಬರಿಗಾಗಿ ಹಿಂತಿರುಗಬೇಕಾಗಿ ಬಂದರೆ ಗೊಣಗಕೂಡದು. ಹಾಕಿದ ದುಡ್ಡು, ಹೋದ ರಜೆ ಆಮೇಲಿನ ಲೆಕ್ಕ. ಇಷ್ಟಕ್ಕೆ ಒಪ್ಪದವರ ಜೊತೆ ಬೆಟ್ಟಕ್ಕೆ ಹೋಗಲೇಬೇಡ.